ಬೇಲಿಯಂಚಿನ ಹೆಜ್ಜೆಗಳು

ಡಿಸೆಂಬರ್ ಹದಿನಾಲ್ಕರ ಶನಿವಾರ ಬೆಳಿಗ್ಗೆ ಪ್ಲೆಸೆಂಟನ್ನಿನ ನಮ್ಮ ಮನೆಯ ಹಿತ್ತಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿತ್ತು. ನಾನು ಕಾಫಿ ಹಿಡಿದು ಹೊರಗೆ ಬರುವ ಹೊತ್ತಿಗಾಗಲೇ ಆ ಬಿಳುಪಿನ ಮೇಲೆ ಬರಿಗಾಲಿನ ಹೆಜ್ಜೆಗಳು ಮೂಡಿದ್ದವು. ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಎಸಳಿನೊಳಗಿನ ನೀರು ಮಂಜಿನ ಚೂರಾಗಿ ಎಸಳನ್ನೇ ಸೀಳುತ್ತದೆ. ಎರಡು ದಿನದಲ್ಲಿ ಹೆಜ್ಜೆ ಬಿದ್ದಲ್ಲೆಲ್ಲ ಹುಲ್ಲು ಕಂದಿ, ಐದು ಬೆರಳೂ ಎಣಿಸುವಷ್ಟು ಸ್ಪಷ್ಟವಾಗಿ ಪಾದದ ಗುರುತು ಉಳಿಯುತ್ತದೆ. ನಮ್ಮಲ್ಲಿಯೂ ಹಾಗೆಯೇ ಆಯಿತು. ಗುರುತುಗಳೆಲ್ಲವೂ ಬಲಗಡೆಯ ಮರದ ಬೇಲಿಯನ್ನು ಅಂಟಿಕೊಂಡು ಹೋಗಿದ್ದವು, ಹಾಗೆಯೇ ವಾಪಸು ಬಂದಿದ್ದವು. ಹಿತ್ತಲಿನ ನಡುಭಾಗದಲ್ಲಿ ಒಂದೇ ಒಂದು ಹೆಜ್ಜೆಯೂ ಇರಲಿಲ್ಲ. ಆ ಬೆಳಿಗ್ಗೆ ನಾನು ಕಂಡ ಇನ್ನೊಂದು ಸಂಗತಿಯನ್ನು ಅದರ ಜಾಗಕ್ಕೆ ಬಂದಾಗ ಹೇಳುತ್ತೇನೆ. ಮೊದಲು ಹುಲ್ಲಿನ ಮಾತು.

ಧಾರವಾಡದಲ್ಲಿ ಬೆಳೆದವನಿಗೆ ಹುಲ್ಲು ಎಂದರೆ ಎಮ್ಮೆ ತಿನ್ನುವಂಥದ್ದು. ಯಾರೂ ತಿನ್ನದ ಹುಲ್ಲನ್ನು ನೀರು, ಗೊಬ್ಬರ, ಬೀಜ ಹಾಕಿ ಬೆಳೆಸಿ, ಬೆಳೆದದ್ದನ್ನು ಕತ್ತರಿಸಿ, ಕತ್ತರಿಸಿದ್ದನ್ನು ಹಸಿರು ಕಸದ ಡಬ್ಬಿಗೆ ತುಂಬಿ, ಅದನ್ನು ಸೋಮವಾರ ರಸ್ತೆಯಂಚಿಗೆ ಎಳೆದಿಡುವುದು ವಿವೇಕದ ಕೆಲಸವೆಂದು ನನಗೂ ಮೊದಮೊದಲು ಅನ್ನಿಸಿರಲಿಲ್ಲ. ನಮ್ಮ ರಸ್ತೆಯಲ್ಲಿ ಅರ್ಧದಷ್ಟು ಮನೆಯವರು ಬರಗಾಲದ ವರ್ಷಗಳಲ್ಲಿ ಹುಲ್ಲು ಕಿತ್ತು ಬೆಣಚುಕಲ್ಲು ಹಾಕಿಸಿಕೊಂಡರು. ಒಬ್ಬರು ಪ್ಲಾಸ್ಟಿಕ್ ಹುಲ್ಲು ಹಾಸಿದ್ದಾರೆ; ಅದನ್ನು ಭಾನುವಾರ ವ್ಯಾಕ್ಯೂಮ್ ಮಾಡುತ್ತಾರೆ. ನಾನು ಮುಂದಿನ ಅಂಗಳದ ಹುಲ್ಲನ್ನು ತೆಗೆಸಿ ಹಿತ್ತಲಿನದ್ದನ್ನು ಮಾತ್ರ ಉಳಿಸಿಕೊಂಡೆ. ಹುಬ್ಬಳ್ಳಿಯ ಒಂದು ಪತ್ರಿಕೆಯ ಸುದ್ದಿಮೇಜಿನಲ್ಲಿ ಎಂಟು ವರ್ಷ ಕುಳಿತು, ಆಮೇಲೆ ಇಲ್ಲಿ ಯಂತ್ರಗಳ ಬಳಕೆದಾರರ ಕೈಪಿಡಿ ಬರೆಯುತ್ತ ಇಪ್ಪತ್ತು ವರ್ಷ ಕಳೆದವನಿಗೆ, ಹೇಳಿದಂತೆ ಮಾಡಿದರೆ ಹೇಳಿದಂತೆ ಬೆಳೆಯುವ ಒಂದು ವಸ್ತು ಬೇಕಿತ್ತೇನೋ.

ಹೇಳಿದಂತೆ ಅದು ಬೆಳೆಯಲಿಲ್ಲ. ನಮ್ಮ ಊರಿನ ಗರಿಕೆ ಬೇಸಿಗೆಯಲ್ಲಿ ಹಬ್ಬಿ ಚಳಿಯಲ್ಲಿ ಮಲಗುತ್ತದೆ. ಇಲ್ಲಿ ನಾನು ಹಾಕಿದ ಫೆಸ್ಕ್ಯೂ ಎಂಬ ಜಾತಿಯದು ಅದಕ್ಕೆ ತದ್ವಿರುದ್ಧ. ಚಳಿಯಲ್ಲಿ ಹಸಿರಾಗಿ, ಮಳೆ ಬಂದರೆ ಉಕ್ಕಿ, ಜುಲೈ ಬಿಸಿಲಿಗೆ ಕೈಚೆಲ್ಲುತ್ತದೆ. ಮೊದಲ ವರ್ಷ ನಾನು ಮಾಡಿದ ತಪ್ಪನ್ನು ನಮ್ಮ ಕಡೆಯವರು ಮಾತ್ರ ಮಾಡಬಲ್ಲರು. ನಮ್ಮವ್ವ ಸಂಜೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದ ಹಾಗೆ ನಾನೂ ಆಫೀಸಿನಿಂದ ಬಂದೊಡನೆ ಪೈಪು ಹಿಡಿದು ಇಡೀ ಹುಲ್ಲಿಗೆ ತುದಿ ಮಾತ್ರ ಒದ್ದೆಯಾಗುವಷ್ಟು ನೀರು ಚಿಮುಕಿಸಿದೆ. ದಿನವೂ ಮೇಲೆಯೇ ನೀರು ಸಿಕ್ಕಾಗ ಬೇರು ಕೆಳಗೆ ಯಾಕೆ ಇಳಿದೀತು? ಬಿಸಿಲು ಬಂದಾಗ ಅಂಗುಲದಷ್ಟು ಬೇರಿನ ಹುಲ್ಲು ಚಾಪೆಯ ಹಾಗೆ ಎದ್ದು ಬಂತು. ಆಮೇಲೆ ಕಲಿತೆ: ನೀರು ವಾರಕ್ಕೆ ಎರಡೇ ಸಲ, ಆದರೆ ಉದ್ದನೆಯ ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯುವಷ್ಟು ಆಳಕ್ಕೆ, ಅದೂ ಬೆಳಗಿನ ಜಾವ, ಸಂಜೆಯಲ್ಲ. ಈ ಕಡೆಯ ಮಣ್ಣು ನಮ್ಮ ಎರೆಮಣ್ಣಿನ ಸೋದರ. ಒಮ್ಮೆಲೇ ಕುಡಿಯುವುದಿಲ್ಲ, ನಡುವೆ ಅರ್ಧ ಗಂಟೆ ಬಿಟ್ಟು ಎರಡು ಕಂತಿನಲ್ಲಿ ಕೊಡಬೇಕು. ಕತ್ತರಿಸುವಾಗ ಮೂರು ಅಂಗುಲಕ್ಕಿಂತ ಕೆಳಗಿಳಿಯಬಾರದು, ಒಂದು ಸಲಕ್ಕೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ವರದಿಗಾರರ ಬರಹವನ್ನು ಅರ್ಧಕ್ಕರ್ಧ ಕತ್ತರಿಸಿ ರೂಢಿಯಿದ್ದ ಕೈಗೆ ಈ ಕೊನೆಯ ನಿಯಮ ಬಹಳ ದಿನ ಒಗ್ಗಲಿಲ್ಲ.

ಬೋಳಾದ ಕಡೆ ಹೊಸ ಬೀಜ ಹಾಕುವ ಕಾಲ ಅಕ್ಟೋಬರ್. ನೆಲ ಇನ್ನೂ ಬೆಚ್ಚಗಿರುತ್ತದೆ, ಗಾಳಿ ತಂಪಾಗಿರುತ್ತದೆ, ಮಳೆ ದೂರವಿರುವುದಿಲ್ಲ. ಎರಡು ವಾರದಲ್ಲಿ ಕೂದಲಿನಷ್ಟು ಸಣ್ಣ ಮೊಳಕೆ ಏಳುತ್ತದೆ. ಮುಂದಿನ ಆರು ವಾರ ಅದನ್ನು ಯಾರೂ ತುಳಿಯಬಾರದು. ನನ್ನ ಮನೆಯಲ್ಲಿ ಈ ಕಟ್ಟಳೆಗೆ ಒಬ್ಬರೇ ವಿರೋಧಿಗಳಿದ್ದರು, ನನ್ನ ಅಕ್ಕ.

ಕುಸುಮಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಧಾರವಾಡದ ಹೈಸ್ಕೂಲೊಂದರಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು, ಮದುವೆಯಾದವಳಲ್ಲ, ನನ್ನ ಓದಿನ ಖರ್ಚು ನೋಡಿಕೊಂಡವಳು. ನಾಲ್ಕು ವರ್ಷದ ಹಿಂದೆ ನಮ್ಮ ಜೊತೆ ಇರಲು ಬಂದಳು. ಬಂದ ಮರುದಿನವೇ ಬೆಳಿಗ್ಗೆ ಆರೂವರೆಗೆ ಸೀರೆಯ ನೆರಿಗೆ ಮೇಲೆತ್ತಿಕೊಂಡು ಹಿತ್ತಲಿನ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದಳು. ಬೆಳಗಿನ ಇಬ್ಬನಿಯ ಹುಲ್ಲಿನ ಮೇಲೆ ನಡೆದರೆ ಕಣ್ಣಿಗೆ ಒಳ್ಳೆಯದೆಂದು ನಮ್ಮಪ್ಪ ನಂಬಿದ್ದರು; ನಾನು ಸಣ್ಣವನಿದ್ದಾಗ ನಮ್ಮಿಬ್ಬರನ್ನೂ ಕಾಲೇಜು ಮೈದಾನಕ್ಕೆ ಎಳೆದೊಯ್ದು ದಿನಕ್ಕೆ ಹತ್ತು ಸುತ್ತು ನಡೆಸುತ್ತಿದ್ದರು. ಅಕ್ಕ ಆ ಪಾಠ ಬಿಡಲಿಲ್ಲ. ಅದೇ ಹುಲ್ಲು ತುಳಿದ ನನಗೆ ಹನ್ನೆರಡನೆಯ ವಯಸ್ಸಿಗೆ ಕನ್ನಡಕ ಬಂತು ಎಂಬುದನ್ನು ನಾನು ಪ್ರತಿಸಾಕ್ಷ್ಯವಾಗಿ ಮುಂದಿಡುತ್ತಿದ್ದೆ. ನೀ ಅರ್ಧ ಸುತ್ತಿಗೇ ಕೂತಬಿಡತಿದ್ದಿ ಎಂದು ಅವಳು ಅದನ್ನು ತಳ್ಳಿಹಾಕುತ್ತಿದ್ದಳು. ಅರವತ್ತೈದು ದಾಟಿಯೂ ಅವಳು ಕನ್ನಡಕವಿಲ್ಲದೆ ದೂರದ ಬೋರ್ಡು ಓದುತ್ತಿದ್ದದ್ದು ಮಾತ್ರ ನಿಜ.

ಕಳೆದ ವರ್ಷ ಅಕ್ಟೋಬರಿನಲ್ಲಿ ಬೀಜ ಹಾಕಿ, ತೆಳುವಾಗಿ ಗೊಬ್ಬರ ಹರಡಿ, ಸುತ್ತಲೂ ಗೂಟ ನೆಟ್ಟು ಹಗ್ಗ ಕಟ್ಟಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇದೇನೋ ತಮ್ಮಾ, ಪೊಲೀಸರು ಕಟ್ಟಿಧಂಗ ಕಟ್ಟೀದಿ?"

"ಆರ ವಾರ ಯಾರೂ ತುಳಿಯೂಹಂಗಿಲ್ಲ ಅಕ್ಕ. ನೀನೂ ಸೈತ."

"ಮತ್ತ ನನ್ನ ವಾಕಿಂಗು?"

"ಬೇಲಿ ಗುಂಟ ಒಂದ ಪಟ್ಟಿ ಬಿಟ್ಟೇನಿ. ಅಲ್ಲಿದ್ದದ್ದು ಹಳೇ ಹುಲ್ಲು. ಅದರ ಮ್ಯಾಲೆ ಎಷ್ಟ ಬೇಕಾದ್ರ ನಡಿ."

ಅವಳು ವಾದಿಸುತ್ತಾಳೆಂದು ನಾನು ತಯಾರಾಗಿದ್ದೆ. ವಾದಿಸಲಿಲ್ಲ. ಹಗ್ಗದ ಆಚೆ ಈಚೆ ನೋಡಿ, "ಆತು, ಬೇಲಿ ಗುಂಟನ ನಡೀತೇನಿ," ಎಂದಳು. ಒಳಗಿದ್ದ ನನ್ನ ಹೆಂಡತಿ ಸುಮತಿ, ಮೈಸೂರಿನವಳು, ಸಂಜೆ ನನ್ನನ್ನು ಕೇಳಿದಳು: "ಅತ್ತಿಗೆ ಅಷ್ಟು ಸುಲಭವಾಗಿ ಒಪ್ಪಿಬಿಟ್ರಾ? ನಮ್ಮ ಮದುವೆ ದಿನಾಂಕಕ್ಕೇ ಅವರು ಮೂರು ತಿಂಗಳು ಒಪ್ಪಿರಲಿಲ್ಲ." ಹದಿನೈದು ವರ್ಷದ ಮಗಳು ನೇಹಾ ಫೋನಿನಿಂದ ತಲೆಯೆತ್ತದೆ, "ಅಪ್ಪಾ, ಇಟ್ಸ್ ಜಸ್ಟ್ ಗ್ರಾಸ್," ಎಂದಳು. ಕಾನೂನು ಪಾಲನೆಯಾಯಿತೆಂಬ ಸಮಾಧಾನದಲ್ಲಿ ನಾನು ಪೈಪು ಸುತ್ತಿಡಲು ಹೋದೆ.

ಹುಲ್ಲು ಚೆನ್ನಾಗಿ ಬಂತು. ನವೆಂಬರ್ ಕೊನೆಗೆ ಮೊದಲ ಸಲ ಕತ್ತರಿಸಿದೆ. ಅದೇ ವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಯಲ್ಲಿ ಗೂಟ ಕಿತ್ತು ಹಗ್ಗ ಸುತ್ತಿಟ್ಟು ಅಕ್ಕನಿಗೆ ವಿಧ್ಯುಕ್ತವಾಗಿ ತಿಳಿಸಿದೆ: ಇನ್ನು ಮೇಲೆ ಎಲ್ಲಿ ಬೇಕಾದರೂ ನಡೆಯಬಹುದು. ಅವಳು ಹೂಂ ಎಂದಳು. ಮರುದಿನವೂ ಬೇಲಿಯ ಗುಂಟವೇ ನಡೆದಳು. ಅದರ ಮರುದಿನವೂ. ನನ್ನ ಹುಲ್ಲಿನ ಮೇಲೆ ಅವಳಿಗೆ ಅಕ್ಕರೆ ಹುಟ್ಟಿದೆಯೆಂದು ನಾನು ತಿಳಿದೆ. ಆಫೀಸಿನ ಊಟದ ಮೇಜಿನಲ್ಲಿ ಈ ಮಾತನ್ನು ಎರಡು ಸಲ ಹೇಳಿಕೊಂಡದ್ದೂ ನೆನಪಿದೆ.

ಅದೇ ದಿನಗಳಲ್ಲಿ ಮನೆಯಲ್ಲಿ ಬೇರೆ ಸಣ್ಣಪುಟ್ಟ ಸಂಗತಿಗಳು ನಡೆದಿದ್ದವು. ನಡುಮನೆಯಲ್ಲಿ ಬಿದ್ದಿದ್ದ ನೇಹಾಳ ಶಾಲೆಯ ಚೀಲ ಎಡವಿ ಅಕ್ಕ ಮೊಣಕಾಲು ತರಚಿಕೊಂಡಳು; ಚೀಲ ಅಲ್ಲಿಟ್ಟದ್ದಕ್ಕೆ ನೇಹಾ ಬೈಸಿಕೊಂಡಳು. ಊಟಕ್ಕೆ ಕುಳಿತಾಗ ಬಲಗಡೆಯಿಟ್ಟ ಮಜ್ಜಿಗೆಯ ಲೋಟಕ್ಕೆ ಅಕ್ಕನ ಮೊಣಕೈ ತಗಲಿ ಎರಡು ಮೂರು ಸಲ ಚೆಲ್ಲಿತು. ಸುಮತಿ ಲೋಟವನ್ನು ಎಡಗಡೆ ಇಡತೊಡಗಿದಳು. ಹತ್ತಿರದ ಫ್ರೀಮಾಂಟಿನಲ್ಲಿ ನಡೆದ ಸ್ನೇಹಿತರ ಮನೆಯ ಪೂಜೆಯಲ್ಲಿ ಪಕ್ಕದಲ್ಲೇ ನಿಂತು ಕೈಮುಗಿದವರನ್ನು ಅಕ್ಕ ಮಾತಾಡಿಸಲಿಲ್ಲವೆಂದು ಅವರು ಬೇಸರಿಸಿಕೊಂಡರು. ಅಕ್ಕನಿಗೆ ಮೇಷ್ಟ್ರಮ್ಮನ ಗತ್ತು ಹೋಗಿಲ್ಲ ಎಂದು ನಾನು ನಕ್ಕು ಸಮಾಧಾನ ಹೇಳಿದೆ. ಒಂದೊಂದೂ ಒಬ್ಬೊಬ್ಬರ ಬಳಿ ಇತ್ತು. ಒಂದೊಂದಕ್ಕೂ ಸರಿಯಾದ ಕಾರಣವಿತ್ತು. ಮೂರು ಊರಿನ ಮೂವರು ವರದಿಗಾರರು ಮೂರು ಸಾಲಿನ ಮೂರು ಸುದ್ದಿ ಕಳಿಸಿದಾಗ ಅವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸಕ್ಕೇ ನನಗೆ ಹಿಂದೆ ಸಂಬಳ ಕೊಡುತ್ತಿದ್ದರು.

ಈಗ ಡಿಸೆಂಬರ್ ಹದಿನಾಲ್ಕಕ್ಕೆ ಬರುತ್ತೇನೆ. ಆ ಬೆಳಿಗ್ಗೆ ನಾನು ಹೊರಗೆ ಹೋದದ್ದು ಹುಲ್ಲಿಗೆ ಎಷ್ಟು ನಷ್ಟವಾಗಿದೆ ಎಂದು ನೋಡಲು, ಅದನ್ನು ಮುಚ್ಚಿಡುವುದಿಲ್ಲ. ಅಕ್ಕ ಆಗಷ್ಟೇ ಒಳಗೆ ಬಂದು ಹೀಟರಿನ ಮುಂದೆ ಕಾಲು ಚಾಚಿ ಕುಳಿತಿದ್ದಳು. ನಾನು ಹೆಜ್ಜೆಗಳ ಪಕ್ಕದಲ್ಲಿ, ಅವನ್ನು ತುಳಿಯದೆ, ಕಾಂಕ್ರೀಟಿನ ಅಂಚಿನ ಮೇಲೆ ನಡೆದೆ. ಬೇಲಿಯ ಹಲಗೆಗಳನ್ನು ಹಿಡಿದಿಡುವ ಅಡ್ಡಪಟ್ಟಿಯೊಂದು ಸೊಂಟದ ಎತ್ತರದಲ್ಲಿ ಉದ್ದಕ್ಕೂ ಹೋಗುತ್ತದೆ. ಅದರ ಮೇಲೂ ಬಿಳಿಯ ಹೆಪ್ಪು ಕೂತಿತ್ತು. ಬಾಗಿಲಿನ ಬಳಿ ಶುರುವಾಗಿ, ಒಂದು ಅಂಗೈ ಅಗಲಕ್ಕೆ ಆ ಹೆಪ್ಪು ಒರೆಸಿಹೋಗಿ ಒದ್ದೆ ಮರ ಕಾಣುತ್ತಿತ್ತು. ಆ ಒದ್ದೆ ಗೆರೆ ಎಲ್ಲೂ ಕಡಿದಿರಲಿಲ್ಲ. ಹಾಗೆಯೇ ಹೋಗಿ ನಿಂಬೆ ಗಿಡದ ಹತ್ತಿರ ನಿಂತಿತು. ಅಲ್ಲಿ ಗಿಡ ಬೇಲಿಗೆ ಒತ್ತಿ ಬೆಳೆದದ್ದರಿಂದ ಪಟ್ಟಿ ಕೈಗೆ ಸಿಗುವುದಿಲ್ಲ. ಹೆಜ್ಜೆಗಳೂ ಅಲ್ಲಿಯೇ ನಿಂತು ಹಿಂದಿರುಗಿದ್ದವು. ಗಿಡದ ಆಚೆ ಇನ್ನೂ ಹದಿನೈದು ಅಡಿ ಹುಲ್ಲಿದೆ, ಅದು ಬೆಳ್ಳಗೆ ಹಾಗೆಯೇ ಇತ್ತು.

ಎಷ್ಟು ಹೊತ್ತು ಅಲ್ಲಿ ನಿಂತಿದ್ದೆ ಎಂದು ಬರೆದಿಟ್ಟುಕೊಂಡಿಲ್ಲ. ಒಳಗೆ ಹೋಗುವಾಗ ಕಾಫಿ ಆರಿತ್ತು.

"ಅಕ್ಕಾ, ನೀ ಬೇಲಿ ಹಿಡಕೊಂಡ ಯಾಕ ನಡೀತಿ?"

ಅವಳು ನನ್ನ ಕಡೆ ನೋಡಿದಳು. ನೇರವಾಗಿ ನೋಡಿದಾಗ ಅವಳ ನೋಟದಲ್ಲಿ ಯಾವ ಕೊರತೆಯೂ ಕಾಣುತ್ತಿರಲಿಲ್ಲ, ಈಗಲೂ ಕಾಣುವುದಿಲ್ಲ.

"ನೀನ ಅಲ್ಲೇನು ಬೇಲಿ ಗುಂಟ ನಡಿ ಅಂದಾಂವಾ?"

"ಹಗ್ಗ ತಗದು ಎರಡ ವಾರದ ಮ್ಯಾಲಾತು."

ಅವಳು ಪಾಠ ಹೇಳುವ ದನಿಯಲ್ಲಿಯೇ ಹೇಳಿದಳು. "ಎದುರಿಗಿದ್ದದ್ದು ಎಲ್ಲಾ ಕಾಣತದ. ಪೇಪರು ಓದತೇನಿ. ನಿನ್ನ ಮೀಸಿ ಬೆಳ್ಳಗಾಗಿದ್ದೂ ಕಾಣತದ. ಬಾಜೂಕಿಂದು ಕಾಣಸೂದುಲ್ಲ. ಬಲಗಡಿ ಭಾಳ, ಎಡಗಡಿ ಸ್ವಲ್ಪ. ಮದಲ ಮಂಜ ಇದ್ಧಂಗ ಇತ್ತು. ಈಗ ಮಂಜೂ ಇಲ್ಲ, ಏನೂ ಇಲ್ಲ."

"ಯಾವಾಗಿಂದ?"

"ಹ್ವಾದ ಯುಗಾದಿ ಹೊತ್ತಿಗೆ ನನಗ ಖಾತ್ರಿ ಆತು."

"ಹೇಳಬಾರದಾಗಿತ್ತೇನು?"

"ಏನಂತ ಹೇಳಲಿ? ಒಂದ ದಿನಾನೂ ಬಿಡದ ನಡದ್ರ ಕಡಿಮಿ ಆಗತದ ಅಂತ ನೋಡಲಿಕ್ಕತ್ತಿದ್ದೆ. ನಡೂಕ ನಡ್ಯೂದು ಅಂಜಿಕಿ ಬರತಿತ್ತು. ಅಷ್ಟರಾಗ ನೀ ಹಗ್ಗ ಕಟ್ಟಿ ಬೇಲಿ ತೋರಸಿದಿ. ಭಾಳ ಅನುಕೂಲ ಆತಪಾ."

ಸುಮತಿ ಒಲೆಯ ಮುಂದಿನಿಂದ ಬಂದು ಅಕ್ಕನ ಕಾಲ ಬಳಿ ಕುಳಿತಳು. ಆ ಪಾದಗಳು ಕೆಂಪಾಗಿ ಮಂಜಿನಂತೆ ತಣ್ಣಗಿದ್ದವು. "ಅತ್ತಿಗೆ, ಈ ಚಳಿಯಲ್ಲಿ ಬರಿಗಾಲಲ್ಲಿ..." ಎಂದವಳು ತನ್ನ ಶಾಲು ತೆಗೆದು ಅವಕ್ಕೆ ಸುತ್ತಿದಳು.

ಇಲ್ಲಿ ಓದುಗರು ನನ್ನನ್ನು ಕ್ಷಮಿಸಿ ಒಂದು ಹೆಜ್ಜೆ ಪಕ್ಕಕ್ಕೆ ಬರಬೇಕು. ಪತ್ರಿಕೆಯಲ್ಲಿ ತಪ್ಪಾದಾಗ ಮರುದಿನ ಎರಡನೆಯ ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ತಿದ್ದುಪಡಿ ಹಾಕುವ ಪದ್ಧತಿಯುಂಟು. ಹೆಸರು ತಪ್ಪಿದ್ದಕ್ಕೆ, ಊರು ತಪ್ಪಿದ್ದಕ್ಕೆ, ಸತ್ತವರ ವಯಸ್ಸು ತಪ್ಪಿದ್ದಕ್ಕೆ ನಾನು ಅಂಥವು ಅನೇಕ ಬರೆದಿದ್ದೇನೆ. ಸಂಗತಿಗಳೆಲ್ಲ ಸರಿಯಿದ್ದು ಅವುಗಳ ಅರ್ಥ ತಪ್ಪಾದಾಗ ಯಾವ ತಿದ್ದುಪಡಿ ಹಾಕಬೇಕೆಂದು ನಮಗೆ ಯಾರೂ ಕಲಿಸಲಿಲ್ಲ. ಅಕ್ಕ ಬೇಲಿಯ ಗುಂಟ ನಡೆದಳು ಎಂಬುದು ಸರಿ. ನಾನು ಹೇಳಿದ ಮೇಲೆ ನಡೆದಳು ಎಂಬುದೂ ಸರಿ. ಹುಲ್ಲನ್ನು ದಿನವೂ ಬಗ್ಗಿ ನೋಡುವವನು, ಒಂದು ಎಸಳಿನ ತುದಿ ಹಳದಿಯಾದರೆ ಸಾರಜನಕವೋ ಶಿಲೀಂಧ್ರವೋ ಎಂದು ಪುಸ್ತಕ ತೆರೆಯುವವನು, ಅದರ ಮೇಲೆ ನಡೆಯುವವಳನ್ನು ಒಮ್ಮೆಯೂ ಹಾಗೆ ನೋಡಿರಲಿಲ್ಲ. ಹುಲ್ಲು ಮೇಲೆ ಹಸಿರಾಗಿದ್ದು ಕೆಳಗೆ ಬೇರಿಲ್ಲದೆ ಹೋಗುವುದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೆ.

ಸೋಮವಾರ ಫೋನು ಮಾಡಿದಾಗ ಕಣ್ಣಿನ ತಜ್ಞರ ಭೇಟಿಗೆ ಆರು ವಾರ ಕಾಯಬೇಕೆಂದರು. ನೇಹಾ ನನ್ನ ಕೈಯಿಂದ ಫೋನು ತೆಗೆದುಕೊಂಡು, ಅತ್ತೆಗೆ ಪಕ್ಕದ ನೋಟವೇ ಇಲ್ಲವೆಂದು, ಎಂದಿನಿಂದ ಇಲ್ಲವೆಂದು, ಯಾವ ಕಡೆ ಎಷ್ಟೆಂದು ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳಿದಳು. ಗುರುವಾರಕ್ಕೆ ಸಮಯ ಸಿಕ್ಕಿತು. ಶನಿವಾರ ನಾವಾಡಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು; ನಮ್ಮ ಧಾರವಾಡದ ಮಾತು ಅವಳಿಗೆ ಇಷ್ಟು ತಿಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಕಾಯಿಲೆಯ ಹೆಸರು ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರವನ್ನು ಸದ್ದಿಲ್ಲದೆ ತಿನ್ನುತ್ತದೆ, ನೋವಿಲ್ಲ, ಕೆಂಪಿಲ್ಲ. ನಡುವಿನ ನೋಟವನ್ನು ಕೊನೆಯವರೆಗೂ ಬಿಟ್ಟು ಅಂಚಿನಿಂದ ಒಳಗೆ ಬರುತ್ತದೆ. ಪರೀಕ್ಷೆಯಲ್ಲಿ ಅವಳನ್ನು ಒಂದು ಬಿಳಿಯ ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿ, ಎಲ್ಲಿ ಬೆಳಕಿನ ಚುಕ್ಕೆ ಕಂಡರೂ ಗುಂಡಿ ಒತ್ತಿರಿ ಎಂದರು. ನಾನು ಹಿಂದೆ ಕುಳಿತು ಗುಂಡಿಯ ಸದ್ದು ಕೇಳುತ್ತಿದ್ದೆ. ಉದ್ದಕ್ಕೆ ಸದ್ದಿಲ್ಲದ ಹೊತ್ತುಗಳು ಇದ್ದವು. ಹೊರಗೆ ಬಂದ ಮೇಲೆ ಅಕ್ಕ, "ಭಾಳ ಪ್ರಶ್ನೆ ಬಿಟ್ಟೇನಿ ಅನಸತದ," ಎಂದಳು. ಜೀವಮಾನದಲ್ಲಿ ಎಂದೂ ಪ್ರಶ್ನೆ ಬಿಟ್ಟವಳಲ್ಲ.

ವೈದ್ಯೆ ಮಧ್ಯವಯಸ್ಸಿನವರು, ಮಾತಿನಲ್ಲಿ ನಿಧಾನ. ಹೋದ ನೋಟ ಹಿಂದಿರುಗುವುದಿಲ್ಲ, ಇರುವುದನ್ನು ಹನಿಯೌಷಧದಿಂದ ಉಳಿಸಿಕೊಳ್ಳಬಹುದು, ಸಾಲದಿದ್ದರೆ ಶಸ್ತ್ರಚಿಕಿತ್ಸೆ ಎಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಯ ವರ್ಷಗಳಲ್ಲಿ ಅಪ್ಪ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದರು, ಸೈಕಲ್ಲಿನವರನ್ನು ಬೈಯುತ್ತಿದ್ದರು, ಸಂತೆಗೆ ಹೋಗುವುದು ಬಿಟ್ಟಿದ್ದರು. ವಯಸ್ಸಾಯಿತು ಎಂದುಕೊಂಡಿದ್ದೆವು. ಅಕ್ಕ ಇಂಗ್ಲಿಷಿನಲ್ಲಿಯೇ, ತಂದೆಗೆ ಇದ್ದಿರಬಹುದು, ಯಾರೂ ನೋಡಲಿಲ್ಲ ಎಂದಳು. ಆಮೇಲೆ ಅವಳೇ ಇಬ್ಬನಿಯ ಪ್ರಶ್ನೆ ಕೇಳಿದಳು. ವೈದ್ಯೆ ನಗಲಿಲ್ಲ. ನಡೆಯುವುದು ಒಳ್ಳೆಯದು, ನಡೆಯಿರಿ, ಆದರೆ ಔಷಧ ಒಂದು ದಿನವೂ ತಪ್ಪಬಾರದು ಎಂದರು. ನನ್ನ ಕಣ್ಣನ್ನೂ ಅಂದೇ ನೋಡಿದರು. ಸದ್ಯಕ್ಕೆ ಸರಿಯಿದೆ, ವರ್ಷಕ್ಕೊಮ್ಮೆ ಬನ್ನಿ ಎಂದು ಕಳಿಸಿದರು.

ಮನೆಗೆ ಬರುವಾಗ ಫ್ರೀವೇಯಲ್ಲಿ ನಾನು ಕಾರು ನಡೆಸುತ್ತಿದ್ದೆ. ಅಕ್ಕ ಮಾತು ತೆಗೆದಳು.

"ಅಪ್ಪಗ ಗೊತ್ತಾಗಿತ್ತೋ ಏನೋ. ಅದಕ್ಕ ನಮ್ಮನ್ನ ಹಂಗ ನಡಸತಿದ್ದರೋ ಏನೋ."

ಅಪ್ಪ ನಮ್ಮನ್ನು ನಡೆಸುತ್ತಿದ್ದಾಗ ಅವರಿಗೆ ನಲವತ್ತೂ ಆಗಿರಲಿಲ್ಲ. ಅವಳಿಗೂ ಅದು ಗೊತ್ತು, ಲೆಕ್ಕ ಕಲಿಸಿದವಳು.

ಫೆಬ್ರವರಿಯಲ್ಲಿ ಮಳೆ ಚೆನ್ನಾಗಿ ಆಯಿತು. ಕಂದಿದ ಎಸಳು ಕತ್ತರಿಸಿಹೋಗಿ ಹೊಸದು ಬಂದು ಪಾದದ ಗುರುತುಗಳು ಮಾಸಿದವು. ಬೇಲಿಯ ಗುಂಟದ ಪಟ್ಟಿ ಮಾತ್ರ ದಿನವೂ ತುಳಿದು ತುಳಿದು ಗಟ್ಟಿಯಾಗಿ ಮಣ್ಣು ಕಾಣತೊಡಗಿತು. ಪುಸ್ತಕದ ಪ್ರಕಾರ ಇದಕ್ಕೆ ನೆಲಕ್ಕೆ ರಂಧ್ರ ಕೊರೆದು ಗಾಳಿಯಾಡಿಸಿ, ಬೀಜ ಹಾಕಿ, ಯಾರೂ ತುಳಿಯದಂತೆ ಮುಚ್ಚಬೇಕು. ರಂಧ್ರ ಕೊರೆದೆ. ಮಿಕ್ಕದ್ದನ್ನು ಬಿಟ್ಟೆ. ನಿಂಬೆ ಗಿಡದ ಬೇಲಿಯ ಕಡೆಯ ರೆಂಬೆಗಳನ್ನು ಸವರಿದ್ದರಿಂದ ಈಗ ಅಡ್ಡಪಟ್ಟಿ ಮೂಲೆಯವರೆಗೂ ಕೈಗೆ ಸಿಗುತ್ತದೆ. ಹಿತ್ತಲಿನ ನಡುವೆಯೂ ಒಂದು ಹಗ್ಗ ಕಟ್ಟಿದರೆ ಅತ್ತೆ ಅದನ್ನು ಹಿಡಿದು ಅಲ್ಲಿಯೂ ನಡೆಯಬಹುದಲ್ಲ ಎಂದು ನೇಹಾ ಒಮ್ಮೆ ಕೇಳಿದಳು.

"ನಾ ಏನ ಗಾಣದ ಎತ್ತೇನ, ಹಗ್ಗಕ್ಕ ಕಟ್ಟಲಿಕ್ಕೆ?" ಎಂದಳು ಅಕ್ಕ. "ನೀನ ಬಾ ಬಲಗಡಿಗೆ. ಫೋನು ಒಳಗಿಟ್ಟ ಬಾ."

ಶನಿವಾರ ಭಾನುವಾರ ಇಬ್ಬರೂ ಹಿತ್ತಲಿನ ನಡುವೆ ನಡೆಯುತ್ತಾರೆ. ನೇಹಾ ಬರಿಗಾಲಲ್ಲಿ ನಡೆಯಲು ಮೊದಲು ಒಪ್ಪಿರಲಿಲ್ಲ, ಈಗ ನಡೆಯುತ್ತಾಳೆ. ಹೊಸ ಹುಲ್ಲು ತುಳಿತಕ್ಕೆ ಅಲ್ಲಲ್ಲಿ ತೆಳುವಾಗಿದೆ. ಈ ಅಕ್ಟೋಬರಿನಲ್ಲಿ ನಾನು ಬೀಜ ಹಾಕಿದೆ, ಗೂಟ ನೆಡಲಿಲ್ಲ. ಅರ್ಧಕ್ಕಿಂತ ಕಡಿಮೆ ಮೊಳೆತಿದೆ.

ಅಕ್ಕನ ನೋಟದ ಹರವಿನ ಮೂರನೆಯ ಪರೀಕ್ಷೆ ಕಳೆದ ಗುರುವಾರ ನಡೆಯಿತು. ಎಡಗಣ್ಣು ಏಪ್ರಿಲ್‌ನ ಪರೀಕ್ಷೆಯಲ್ಲಿ ಇದ್ದಷ್ಟೇ ಇದೆ. ಬಲಗಣ್ಣಿನಲ್ಲಿ ಕಿವಿಯ ಕಡೆಯ ಅಂಚು ಇನ್ನೂ ಸ್ವಲ್ಪ ಒಳಗೆ ಬಂದಿದೆ. ಎರಡನೆಯ ಹನಿಯೌಷಧ ಸೇರಿಸಿದ್ದಾರೆ. ಮುಂದಿನ ಪರೀಕ್ಷೆ ಜನವರಿಯಲ್ಲಿ.